ಗಿಂಪ್‌ನಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್) ಹಗಲಿನ ಫೋಟೋವನ್ನು ಬೆಳದಿಂಗಳ ರಾತ್ರಿ ಮಾಡುವುದು ಹೇಗೆ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತದೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ತೀರ್ಥಹಳ್ಳಿಯಲ್ಲಿ ಬುತ್ತಿ ಕಟ್ಟಿಕೊಂಡು ತುಂಗೆಯ ದಂಡೆಗೆ ಹೋಗಿ, ಪಕ್ಕದಲ್ಲಿ ಒಂದು ಲಾಟೀನು ಇಟ್ಟುಕೊಂಡು ಬೆಳದಿಂಗಳ ಊಟ ಮಾಡುತ್ತಿದ್ದರಂತೆ. ಅಮ್ಮ ಈಗಲೂ ಅದನ್ನು ಹೇಳುತ್ತಿರುತ್ತಾಳೆ. ಆಗಿನ ಒಂದು ಫೋಟೋನೂ ಇಲ್ಲ. ಕಳೆದ ಜನವರಿಯಲ್ಲಿ ಅದೇ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ, ಬಂಡೆ ಮೇಲೆ ಇಬ್ಬರೂ ಹೊಳೆ ನಡುವಿನ ರಾಮಮಂಟಪದ ಕಡೆ ಮುಖ ಮಾಡಿ ಕೂತಿದ್ದಾಗ ಹಿಂದಿನಿಂದ ಮೊಬೈಲಲ್ಲಿ ಒಂದು ಫೋಟೋ ತೆಗೆದೆ. ಸಂಜೆ ನಾಲ್ಕು ಗಂಟೆ, ಎಡಗಡೆಯಿಂದ ಒಳ್ಳೆ ಬಿಸಿಲು. ಇದನ್ನೇ ಬೆಳದಿಂಗಳ ರಾತ್ರಿ ಮಾಡಿ ಫ್ರೇಮ್ ಹಾಕಿಸಿ ಕೊಡಬೇಕು ಅಂತ ಆಸೆ.

ಬ್ರೈಟ್‌ನೆಸ್ ಇಳಿಸಿದೆ, ಮೇಲೆ ನೀಲಿ ಲೇಯರ್ (ಪದರ) ಹಾಕಿದೆ, ಆಕಾಶದಲ್ಲಿ ಒಂದು ದೊಡ್ಡ ಚಂದ್ರ ಮತ್ತು ನಕ್ಷತ್ರ ಕೂರಿಸಿದೆ. ತಂಗಿಗೆ ತೋರಿಸಿದರೆ "ಇದು ರಾತ್ರಿ ಅಲ್ಲ, ಮಳೆ ಬರೋ ಹಾಗೆ ಮೋಡ ಕವಿದಿದೆ ಅಷ್ಟೇ" ಅಂದಳು. ಅವಳು ಹೇಳಿದ್ದು ಸರಿ. ಎಲ್ಲಿ ತಪ್ಪಿದೆ? ಇನ್ನೊಂದು ವಿಷಯ, ಅಮ್ಮ ಉಟ್ಟಿದ್ದು ಕೆಂಪು ಸೀರೆ, ಆ ಕೆಂಪು ಹೋಗಬಾರದು.

ಕರ್ವ್ಸ್‌ಪ್ರಿಯ:
ನಿಮ್ಮ ತಂಗಿಯ ಕಣ್ಣು ಚೆನ್ನಾಗಿದೆ. ಬ್ರೈಟ್‌ನೆಸ್ ಇಳಿಸಿದರೆ ಎಲ್ಲವೂ ಒಂದೇ ಸಮ ಮಂಕಾಗುತ್ತದೆ, ಮೋಡ ಕವಿದ ದಿನ ಆಗುವುದೂ ಅದೇ. ಬೆಳದಿಂಗಳು ಹಾಗಲ್ಲ. ಅದು ಒಂದೇ ಕಡೆಯಿಂದ ಬರುವ ಗಟ್ಟಿ ಬೆಳಕು, ಬಂಡೆಯ ಒಂದು ಅಂಚು ಹೊಳೆಯುತ್ತದೆ, ಉಳಿದದ್ದು ಕತ್ತಲೆಯಲ್ಲಿ ಮುಳುಗುತ್ತದೆ. ನೀವು ಬಿಸಿಲಲ್ಲಿ ತೆಗೆದದ್ದು ಒಳ್ಳೆಯದೇ ಆಯಿತು, ನೆರಳುಗಳು ಆಗಲೇ ಇವೆ. ಜನವರಿಯ ನಾಲ್ಕು ಗಂಟೆ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೋ, ಹುಣ್ಣಿಮೆ ಚಂದ್ರ ಹುಟ್ಟಿ ಎರಡು ಗಂಟೆ ಆದಾಗ ಸುಮಾರು ಅಷ್ಟೇ ಎತ್ತರಕ್ಕೆ ಬಂದಿರುತ್ತಾನೆ, ಅಂದರೆ ಸರಿಯಾಗಿ ಊಟದ ಹೊತ್ತು.

ಮೊದಲು ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 16 ಬಿಟ್ (ಬಣ್ಣದ ಮೆಟ್ಟಿಲುಗಳು ಇನ್ನೂ ಸಣ್ಣ) ಮಾಡಿಕೊಳ್ಳಿ, ಇಲ್ಲದಿದ್ದರೆ ಕತ್ತಲೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಲೇಯರ್ ಡೂಪ್ಲಿಕೇಟ್ ಮಾಡಿ, ಮೂಲ ಫೋಟೋನ ಕೆಳಗೆ ಹಾಗೇ ಬಿಡಿ, ಮುಂದೆ ಬೇಕಾಗುತ್ತದೆ. ಕರ್ವ್ಸ್‌ನಲ್ಲಿ (ಗೆರೆ ಎಳೆದು ಬೆಳಕು-ಕತ್ತಲೆ ಹೊಂದಿಸುವ ಸಾಧನ) ಬಲತುದಿಯ ಬಿಂದುವನ್ನು ಅರ್ಧದವರೆಗೆ ಇಳಿಸಿ, ನಡುವಿನ ಭಾಗವನ್ನು ಅದಕ್ಕಿಂತ ಜಾಸ್ತಿ ಕೆಳಗೆ ಎಳೆಯಿರಿ. ಹೊಳೆ ನೀರಿನ ಮಿನುಗು, ಬಂಡೆಯ ಎಡ ಅಂಚು, ಅಪ್ಪ ಅಮ್ಮನ ಎಡ ಹೆಗಲು, ಇಷ್ಟಕ್ಕೆ ಮಾತ್ರ ಲೇಯರ್ ಮಾಸ್ಕ್‌ನಲ್ಲಿ (ಲೇಯರಿನ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು) ಸ್ವಲ್ಪ ಬೆಳಕು ಉಳಿಸಿ. ಆಮೇಲೆ ಕಡುನೀಲಿ ಲೇಯರ್ ಅನ್ನು ಮಲ್ಟಿಪ್ಲೈ ಮೋಡ್‌ನಲ್ಲಿ (ಕೆಳಗಿನ ಚಿತ್ರವನ್ನು ಕಪ್ಪಾಗಿಸುವ ವಿಧಾನ) ಹಾಕಿ ಒಪಾಸಿಟಿ, ಅಂದರೆ ಲೇಯರಿನ ದಟ್ಟತೆ, ಶೇಕಡಾ 40ರ ಆಸುಪಾಸಿನಲ್ಲಿ ಇಡಿ. ಪೂರ್ತಿ ನೀಲಿ ಮಾಡಬೇಡಿ, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ಹಾಗೆ ಆಗುತ್ತದೆ.

ಮತ್ತೆ, ಚಂದ್ರನನ್ನು ತೆಗೆದುಬಿಡಿ. ಬೆಳಕು ಬರುತ್ತಿರುವುದು ಎಡಗಡೆ ಫ್ರೇಮಿನ ಹೊರಗಿನಿಂದ, ನೀವು ಚಂದ್ರನನ್ನು ಎದುರಿಗೆ ಇಟ್ಟಿದ್ದೀರಿ. ಕಣ್ಣಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸುಳ್ಳು ಅಂತ ಗೊತ್ತಾಗುತ್ತದೆ.

ಹುಣ್ಣಿಮೆಹುಚ್ಚ:
ಚಂದ್ರ ಇಲ್ಲದ ಬೆಳದಿಂಗಳ ಫೋಟೋ ಅಪ್ಪ ಅಮ್ಮನಿಗೆ ಕೊಡುವುದು ನನಗೇನೋ ಒಪ್ಪಿಗೆಯಾಗುವುದಿಲ್ಲ. ಎದುರಿಗೇ ಇಡಬಹುದು, ಕೆಲಸ ಜಾಸ್ತಿ ಅಷ್ಟೇ. ಆಗ ನಮಗೆ ಕಾಣುವ ಅವರ ಬೆನ್ನು ಪೂರ್ತಿ ಕಪ್ಪಾಗಬೇಕು, ತಲೆ ಮತ್ತು ಹೆಗಲಿನ ಸುತ್ತ ಮಾತ್ರ ಸಣ್ಣ ಬೆಳ್ಳಿ ಗೆರೆ, ಬಂಡೆಗಳ ನೆರಳು ನಮ್ಮ ಕಡೆಗೆ. ನೀರಿನಲ್ಲಿ ಚಂದ್ರನ ನೇರ ಕೆಳಗೆ ಉದ್ದಕ್ಕೆ ಚದುರಿದ ಬೆಳಕಿನ ದಾರಿ. ಹರಿಯುವ ಹೊಳೆಯಲ್ಲಿ ದುಂಡಗಿನ ಚಂದ್ರ ಕಾಣುವುದಿಲ್ಲ, ಅಲ್ವಾ?

ಅಳತೆ ಮಾತ್ರ ನೋಡಿಕೊಳ್ಳಿ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ, ಅಷ್ಟೇ. ಮೊಬೈಲಿನ ಮಾಮೂಲಿ ಕ್ಯಾಮೆರಾದಲ್ಲಿ 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅವನು ಸುಮಾರು 25 ಪಿಕ್ಸೆಲ್ ಬರುತ್ತಾನೆ. ನೀವು 400 ಪಿಕ್ಸೆಲ್ ಇಟ್ಟಿದ್ದರೆ ಅದು ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸಿನ ಚಂದ್ರ, ಅಂಥ ಲೆನ್ಸಿನಲ್ಲಿ ಅಪ್ಪ ಅಮ್ಮ, ಬಂಡೆ, ಹೊಳೆ ಎಲ್ಲ ಹೀಗೆ ಒಟ್ಟಿಗೆ ಬರುವುದೇ ಇಲ್ಲ. 50, 60 ಪಿಕ್ಸೆಲ್ ಮಾಡಿದರೆ ಮನಸ್ಸು ಒಪ್ಪುತ್ತದೆ. ಹುಣ್ಣಿಮೆಯ ದಿನ ಸಣ್ಣ ಚುಕ್ಕಿಗಳು ಕಾಣುವುದಿಲ್ಲ, ನಾಲ್ಕೈದು ಇಟ್ಟು ಉಳಿದದ್ದೆಲ್ಲ ಅಳಿಸಿ.

ಹೊಳೆದಂಡೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಮಾಡಿ ನೋಡಿದೆ. ಚಂದ್ರನನ್ನು ಎದುರಿಗೆ ಇಟ್ಟರೆ ಇಬ್ಬರೂ ಬರೀ ಕಪ್ಪು ಆಕಾರ ಆಗಿಬಿಡುತ್ತಾರೆ, ಅಪ್ಪ ಅಮ್ಮ ಅಂತ ಅನ್ನಿಸುವುದೇ ಇಲ್ಲ. ಹಾಗಾಗಿ ಎಡಗಡೆ ಬೆಳಕೇ ಇರಲಿ ಅಂತ ಚಂದ್ರನನ್ನು ತೆಗೆದುಬಿಟ್ಟೆ. ಈಗ ನಿಜವಾಗಿ ರಾತ್ರಿ ಕಾಣುತ್ತಿದೆ! ಆದರೆ ಸೀರೆ ಕೆಂಪಾಗಿಯೇ ಉಳಿದಿದೆ, ಅದೊಂದೇ ಅಂಟಿಸಿದ ಹಾಗಿದೆ. ಕೆಂಪು ತೆಗೆಯಲು ಮನಸ್ಸಿಲ್ಲ.

ದೀಪದಬೆಳಕು:
ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹಸಿರು ಉಳಿಯುತ್ತದೆ. ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ 1819ರಲ್ಲೇ ಇದನ್ನು ಗಮನಿಸಿದ್ದರು. ನಿಜ ಹೇಳಬೇಕೆಂದರೆ ಬೆಳದಿಂಗಳು ನೀಲಿ ಅಲ್ಲವೇ ಅಲ್ಲ, ಬಿಸಿಲಿಗಿಂತ ಒಂಚೂರು ಹಳದಿಯೇ, ನೀಲಿ ಮಾಡುವುದು ನಮ್ಮ ಕಣ್ಣು. ಹಾಗಾಗಿ ಹ್ಯೂ-ಸ್ಯಾಚುರೇಷನ್‌ನಲ್ಲಿ ಕೆಂಪು ಮತ್ತು ಹಳದಿಯ ಸ್ಯಾಚುರೇಷನ್ (ಬಣ್ಣದ ಗಾಢತೆ), ಲೈಟ್‌ನೆಸ್ (ಬೆಳಕು) ಎರಡನ್ನೂ ಇಳಿಸಲೇಬೇಕು. ಸೀರೆ ಕಪ್ಪಾಗಲಿ, ಹೆದರಬೇಡಿ.

ನೀವೇ ಬರೆದಿದ್ದೀರಲ್ಲ, ಪಕ್ಕದಲ್ಲಿ ಲಾಟೀನು ಇತ್ತು ಅಂತ. ಅದನ್ನು ಅಮ್ಮನ ಬಲಕ್ಕೆ, ಸ್ವಲ್ಪ ನಮ್ಮ ಕಡೆಗೆ ಇಡಿ. ಮೂಲ ಫೋಟೋದ ಇನ್ನೊಂದು ಕಾಪಿಯನ್ನು ಎಲ್ಲಕ್ಕಿಂತ ಮೇಲೆ ತಂದು ಕಿತ್ತಳೆ ಬಣ್ಣಕ್ಕೆ ತಿರುಗಿಸಿ, ಕಪ್ಪು ಮಾಸ್ಕ್ ಹಾಕಿ ಪೂರ್ತಿ ಮುಚ್ಚಿ. ಆಮೇಲೆ ಮೆತ್ತನೆಯ ಬಿಳಿ ಬ್ರಷ್‌ನಿಂದ ದೀಪ ಮುಟ್ಟುವ ಕಡೆ ಮಾತ್ರ ನಿಧಾನಕ್ಕೆ ತೆರೆಯುತ್ತಾ ಹೋಗಿ: ಅಮ್ಮನ ಬಲತೋಳು, ಸೆರಗಿನ ಒಂದು ಪಕ್ಕ, ಬಂಡೆಯ ಒಂದು ತುಂಡು, ಅಪ್ಪನ ಮೊಣಕೈ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ ಆಗುತ್ತದೆ, ಆದ್ದರಿಂದ ಬೇಗ ಕರಗಿಸಿ, ಆ ಕಡೆಯ ದಡದವರೆಗೆ ಎಳೆಯಬೇಡಿ. ನಿಮಗೆ ಬೇಕಾದ ಕೆಂಪು ಅಲ್ಲಿ ತಾನಾಗಿ ಬರುತ್ತದೆ, ಅದೂ ದೀಪದ ಕೆಂಪಾಗಿ. ಲಾಟೀನನ್ನು ಇಂಟರ್‌ನೆಟ್ಟಿನಿಂದ ತೆಗೆಯುವ ಬದಲು ಯಾರ ಮನೆಯಲ್ಲಾದರೂ ಇದ್ದರೆ ಹಚ್ಚಿ, ಅದೇ ಎತ್ತರದಿಂದ ಕತ್ತಲೆಯಲ್ಲಿ ಫೋಟೋ ತೆಗೆಯಿರಿ.

ಕರ್ವ್ಸ್‌ಪ್ರಿಯ:
ಇದು ನನಗೆ ಹೊಳೆದಿರಲಿಲ್ಲ, ತುಂಬಾ ಚೆನ್ನಾಗಿದೆ. ಪ್ರಿಂಟ್ ಬಗ್ಗೆ ಒಂದು ಮಾತು. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ, ರಾತ್ರಿಯ ಫೋಟೋಗಳು ಪ್ರಿಂಟಿನಲ್ಲಿ ಇನ್ನೂ ಕಪ್ಪಾಗುತ್ತವೆ. ಮಾನಿಟರಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ರಾಮಮಂಟಪ ಕಾಣಬೇಕು. 12*18 ಇಂಚಿಗೆ 4000 ಪಿಕ್ಸೆಲ್ ಸಾಕು, ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಹೋಗುತ್ತದೆ, ಅದನ್ನು ನೀವೇ ಕ್ರಾಪ್ ಮಾಡಿ ಕೊಡಿ. ಕೊನೆಗೆ ಆಕಾಶಕ್ಕೆ ಚೂರು ನಾಯ್ಸ್ (ಮರಳಿನಂಥ ಸಣ್ಣ ಚುಕ್ಕೆಗಳು) ಸೇರಿಸಿ.

ಹೊಳೆದಂಡೆ:
ದೊಡ್ಡಮ್ಮನ ಅಟ್ಟದಲ್ಲಿ ಹಳೆಯ ಲಾಟೀನು ಸಿಕ್ಕಿತು, ಗಾಜು ಒಡೆದಿರಲಿಲ್ಲ. ನಿನ್ನೆ ರಾತ್ರಿ ಸೀಮೆಎಣ್ಣೆಗೆ ಅಲೆದು ಹಚ್ಚಿ ಫೋಟೋ ತೆಗೆದೆ. ಅದನ್ನು ಕೂರಿಸಿ ಮಾಸ್ಕ್ ತೆರೆಯುತ್ತಾ ಹೋದೆ, ಸೆರಗಿನ ಅಂಚು ಕೆಂಪಾಗಿ ಬಂದಾಗ ತಂಗಿ ಪಕ್ಕದಲ್ಲೇ ಇದ್ದಳು, ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಅಪ್ಪನ ಮೊಣಕೈ ಮೇಲಿನ ಬೆಳಕು ಇನ್ನೂ ಜಾಸ್ತಿ ಅನ್ನಿಸುತ್ತಿದೆ, ಇಳಿಸುತ್ತೇನೆ. ನಾಳೆ ಮೊದಲು 4*6 ಅಳತೆಯಲ್ಲಿ ಒಂದು ಟೆಸ್ಟ್ ಪ್ರಿಂಟ್ ಹಾಕಿಸಿ ನೋಡುತ್ತೇನೆ.