ಸೈನಿಕರ ಬೊಜ್ಜು ಮತ್ತು ಸಮರಸನ್ನದ್ಧತೆ: ಮೊಬೈಲ್ ಸಂದೇಶ ಗುಂಪಿನಲ್ಲಿ ಸೇನಾ ವೈದ್ಯರೊಂದಿಗೆ ಪ್ರಶ್ನೋತ್ತರ

ಸಿಪಾಯಿ: ಡಾಕ್ಟರೇ, ನಮ್ಮ ತುಕಡಿಯ ಹುಡುಗನೊಬ್ಬ ತೂಕ ಪರೀಕ್ಷೆಗೆ ಮುನ್ನ ಎರಡು ದಿನ ನೀರು ಬಿಟ್ಟು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ, ಪ್ಲಾಸ್ಟಿಕ್ ಅಂಗಿ ತೊಟ್ಟು ಓಡಿ ತೇರ್ಗಡೆಯಾದ. ಇಂದು ಬೆನ್ನುಹೊರೆಯ ನಡಿಗೆಯಲ್ಲಿ ತಲೆಸುತ್ತಿ ಕುಳಿತುಬಿಟ್ಟ. ತೊಡೆ ವಿಪರೀತ ನೋಯುತ್ತಿದೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕಿದೆ. ವಿಶ್ರಾಂತಿ ಸಾಕೇ?

ವೈದ್ಯರು: ಸಾಲದು, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ನಾಯುಗಳು ಒಡೆದು ರಕ್ತಕ್ಕಿಳಿಯುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರವನ್ನು ಹೀಗೆ ಕಪ್ಪಾಗಿಸುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಜೊತೆಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನೋವಿನ ಮಾತ್ರೆ ಕೊಡಬೇಡಿ, ಅವನು ನುಂಗಿದ್ದನ್ನು ಅಲ್ಲಿ ಮುಚ್ಚಿಡಬೇಡಿ. ಆ ಹುಡುಗ ಕಳೆದುಕೊಂಡದ್ದು ನೀರನ್ನು, ಕೊಬ್ಬನ್ನಲ್ಲ. ಸ್ಥೂಲ ದೇಹ ಅದೇ ದಾರಿ ನಡೆಯಲು ಹೆಚ್ಚು ಶಾಖ ಹುಟ್ಟಿಸುತ್ತದೆ, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಕಡಿಮೆಯಾದ್ದರಿಂದ ಅದನ್ನು ಹೊರಹಾಕಲು ತಿಣುಕುತ್ತದೆ. ಬೆವರಿಗೆ ಬೇಕಾದ ನೀರನ್ನೂ ಕಸಿದುಕೊಂಡರೆ ಉಷ್ಣಾಘಾತಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಮೈ ಸುಡುತ್ತಾ ಮಾತು ತೊದಲಿದರೆ ಮೊದಲು ತಣ್ಣೀರಿನಲ್ಲಿ ಮುಳುಗಿಸಿ ತಂಪಾಗಿಸಿ, ಸಾಗಿಸುವುದು ಆಮೇಲೆ. ಪರೀಕ್ಷೆಯ ದಿನದ ತಕ್ಕಡಿಗಾಗಿ ದೇಹವನ್ನು ಒಣಗಿಸಿದವನು ಮರುದಿನದ ಕರ್ತವ್ಯಕ್ಕೆ ಸಿದ್ಧನಿರುವುದಿಲ್ಲ ಎಂಬುದನ್ನು ಅಧಿಕಾರಿಗಳೂ ತಿಳಿಯಬೇಕು.

ಸದಸ್ಯ: ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಅಂಕ 27 ಇದ್ದರೆ ಬೊಜ್ಜೇ?

ವೈದ್ಯರು: ಬಿಎಂಐ ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟದಂತೆ ನೋಡಿಕೊಳ್ಳಿ.

ಇನ್ನೊಬ್ಬ ಸದಸ್ಯ: ನನ್ನದು 28, ಪರವಾಗಿಲ್ಲವೇ?

ವೈದ್ಯರು: ಮೇಲೆ ಉತ್ತರಿಸಿದ್ದೇನೆ.

ಸದಸ್ಯೆ: ಏಳೇ ದಿನಗಳಲ್ಲಿ ಹೊಟ್ಟೆ ಕರಗಿಸುವ ಕಷಾಯದ ಸಂದೇಶ ಕಳುಹಿಸಿದ್ದೇನೆ, ಎಲ್ಲರಿಗೂ ಉಪಯೋಗವಾಗುತ್ತದೆ.

ವೈದ್ಯರು: ದಯವಿಟ್ಟು ಅಳಿಸಿ. ಅದರಲ್ಲಿರುವುದು ಭೇದಿಯ ಸೊಪ್ಪು. ಭೇದಿಯಾದರೂ ಹೋಗುವುದು ನೀರೇ. ಇಂಥದ್ದನ್ನು ಈ ವಾರ ಮೂರನೆಯ ಬಾರಿ ಓದುತ್ತಿದ್ದೇನೆ.

ಸಿಪಾಯಿಯ ಪತ್ನಿ: ಇವರಿಗೆ ರಾತ್ರಿಯೆಲ್ಲ ಗೊರಕೆ, ಹಗಲು ಪಹರೆಯಲ್ಲಿ ತೂಕಡಿಕೆ. ಇದಕ್ಕೂ ಬೊಜ್ಜಿಗೂ ಸಂಬಂಧವಿದೆಯೇ?

ತಂತ್ರಜ್ಞ: ಡ್ರೋನ್ ನಡೆಸುವವನ ಸೊಂಟ ಅಳೆದು ಏನು ಪ್ರಯೋಜನ?

ನಿವೃತ್ತ ಸೈನಿಕ: ಶೆಲ್ ಬಿದ್ದಾಗ ಅವನೂ ಕಂದಕಕ್ಕೆ ಓಡಬೇಕು. ನೂರು ಕಿಲೋದವನು ಗಾಯಗೊಂಡರೆ ಸ್ಟ್ರೆಚರ್ ಹಿಡಿದ ನಾಲ್ವರು ಹತ್ತು ಹತ್ತು ಹೆಜ್ಜೆಗೆ ಕೆಳಗಿಳಿಸಬೇಕಾಗುತ್ತದೆ. ಅಷ್ಟು ಹೊತ್ತು ಆ ನಾಲ್ವರ ಬಂದೂಕುಗಳೂ ಸುಮ್ಮನಿರುತ್ತವೆ.

ತಂತ್ರಜ್ಞ: ಈಗಿನ ಯುದ್ಧ ನಿಮಗೆ ತಿಳಿಯದು.

ನಿವೃತ್ತ ಸೈನಿಕ: ಹೊತ್ತ ಹೆಗಲು ನನ್ನದು, ನಿಮ್ಮದಲ್ಲ.

ವೈದ್ಯರು: ಇಬ್ಬರೂ ನಿಲ್ಲಿಸಿ. ಮೊದಲು ಪ್ರಶ್ನೆ ಕೇಳಿದವರು ಎಲ್ಲಿದ್ದೀರಿ? ಆ ಹುಡುಗನನ್ನು ಆಸ್ಪತ್ರೆಗೆ ಸೇರಿಸಿದಿರಾ?