ತಾಟು ಗಲಗಲ ಎಂದರೆ ಎದೆ ನಡುಗುತ್ತದೆ: ಅಂಜಿಕೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ:
ನಾನು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಕಡೆಯವನು. ಈಗ ಕಲಬುರಗಿಯ ರಿಂಗ್ ರೋಡಿಗೆ ಹತ್ತಿರದ ಬಾಡಿಗೆ ಮನೆಯಲ್ಲಿದ್ದೇನೆ. 2021ರ ಅಕ್ಟೋಬರಿನಲ್ಲಿ ನಮ್ಮ ಭಾಗದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ ಕಲ್ಲುಮಣ್ಣಿನ ಮನೆ ಬಿಟ್ಟು ಹೊರಗೆ ಮಲಗಿದ್ದೆವು. ಊರು ಬಿಟ್ಟರೂ ಅಂಜಿಕೆ ನನ್ನನ್ನು ಬಿಟ್ಟಿಲ್ಲ. ರಾತ್ರಿ ಲಾರಿ ಹಾದುಹೋಗಿ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಾಟುಗಳು ಗಲಗಲ ಎಂದರೆ ಎದೆ ಡವಡವ ಹೊಡೆದುಕೊಂಡು, ಬೆವೆತು, ಬಾಗಿಲಿಗೆ ಓಡುತ್ತೇನೆ. ಹಾಸಿಗೆ ಬಾಗಿಲ ಬಳಿಯೇ ಇದೆ, ಚಿಲಕ ಹಾಕುವುದಿಲ್ಲ, ಚಪ್ಪಲಿ ದಿಂಬಿನ ಪಕ್ಕದಲ್ಲಿರುತ್ತದೆ. ಇಸಿಜಿ ಮಾಡಿಸಿದ್ದೇನೆ, ಹೃದಯಕ್ಕೆ ಏನೂ ಆಗಿಲ್ಲವೆಂದು ವೈದ್ಯರು ಹೇಳಿದರು. ಆಗ ತೊಟ್ಟಿಲಲ್ಲಿದ್ದ ಮಗಳು ಈಗ ರಾತ್ರಿ ತನ್ನ ಪುಟ್ಟ ಚಪ್ಪಲಿಗಳನ್ನೂ ತಂದು ನನ್ನವುಗಳ ಪಕ್ಕ ಇಡುತ್ತಾಳೆ. ಅದನ್ನು ನೋಡಿದ ಮೇಲೆ ಬರೆಯುತ್ತಿದ್ದೇನೆ. ಈ ಅಂಜಿಕೆಯನ್ನು ಬಿಡುವುದು ಹೇಗೆ?

ಉತ್ತರ (ಚಿಕಿತ್ಸಾ ಮನೋವಿಜ್ಞಾನಿ):
ಮೊದಲು ಒಂದು ಮಾತು: ನಿಮ್ಮ ಅಂಜಿಕೆ ಹುಚ್ಚೂ ಅಲ್ಲ, ಹೇಡಿತನವೂ ಅಲ್ಲ. ನೆಲ ನಡುಗಿದ್ದು ನಿಜ. ಅದರ ಹಿಂದೆ 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ನೆನಪೂ ಇದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಮಲಗಿದ್ದಲ್ಲಿಯೇ ಸುಮಾರು ಹತ್ತು ಸಾವಿರ ಜನ ಸತ್ತ ಆ ಕಥೆಯನ್ನು ಕೇಳದೆ ಬೆಳೆದವರು ಬೀದರ್–ಕಲಬುರಗಿ ಭಾಗದಲ್ಲಿ ವಿರಳ.

ಮಿದುಳಿನ ಆಳದಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ, ನೀವು ಯೋಚಿಸುವ ಮೊದಲೇ, ಅದು ದೇಹವನ್ನು ಎಬ್ಬಿಸುತ್ತದೆ. ಅಡ್ರಿನಲಿನ್ ಸುರಿಯುತ್ತದೆ, ಕಾಲುಗಳಿಗೆ ರಕ್ತ ಹರಿಯಲೆಂದು ಹೃದಯ ಜೋರಾಗಿ ಬಡಿಯುತ್ತದೆ, ಓಡುವ ಮೈ ತಂಪಾಗಿರಲೆಂದು ಬೆವರು ಬರುತ್ತದೆ. ಅಂದು ತಾಟುಗಳ ಸದ್ದು ಮತ್ತು ಸಾವಿನ ಭಯ ಒಟ್ಟಿಗೆ ಬಂದಿದ್ದರಿಂದ ಅವೆರಡೂ ಗಂಟು ಬಿದ್ದಿವೆ. ಈಗ ಲಾರಿ ಹೋದರೂ ಅಮಿಗ್ಡಲಾ ಅದೇ ಅಪಾಯದ ಗಂಟೆ ಬಾರಿಸುತ್ತದೆ.

ಆದರೆ ಆ ಗಂಟನ್ನು ಇಷ್ಟು ವರ್ಷ ಸಡಿಲವಾಗದಂತೆ ಕಾಯ್ದವು ಯಾವುವು ಎಂದು ಕೇಳಿದರೆ, ನಾನು ತೆರೆದ ಚಿಲಕವನ್ನೂ ದಿಂಬಿನ ಪಕ್ಕದ ಚಪ್ಪಲಿಯನ್ನೂ ತೋರಿಸುತ್ತೇನೆ. ಪ್ರತಿ ರಾತ್ರಿ ನೀವು ಬಾಗಿಲಿಗೆ ಓಡುತ್ತೀರಿ, ಮನೆ ಬೀಳುವುದಿಲ್ಲ, ಆಗ ಮಿದುಳು “ಲಾರಿಯಿಂದ ಮನೆ ಬೀಳುವುದಿಲ್ಲ” ಎಂದು ಕಲಿಯುವ ಬದಲು “ಓಡಿದ್ದಕ್ಕೆ ಉಳಿದೆ” ಎಂದು ಕಲಿಯುತ್ತದೆ. ಭೂಕಂಪ ಇಂಥ ದಿನ ಬರುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹೀಗಿರುವಾಗ ರಾತ್ರಿಯಿಡೀ ಕಿವಿ ನಿಮಿರಿಸಿ ಕಾಯುವ ನಿಮ್ಮ ಕಾವಲು ನಿಮ್ಮ ನಿದ್ದೆಯನ್ನು ತಿನ್ನುತ್ತದೆಯೇ ಹೊರತು ಮನೆಯನ್ನು ಕಾಯುವುದಿಲ್ಲ.

ಎಲ್ಲ ಎಚ್ಚರಿಕೆಯನ್ನೂ ಬಿಡಿ ಎಂದು ನಾನು ಹೇಳುತ್ತಿಲ್ಲ. ಬೀರುವನ್ನು ಗೋಡೆಗೆ ಬಿಗಿಸುವುದು, ಹಾಸಿಗೆಯ ಮೇಲಿನ ಅಟ್ಟದಿಂದ ಭಾರದ ಸಾಮಾನು ಇಳಿಸುವುದು, ಊರಿನ ಹಳೆಯ ಮನೆಯ ಗೋಡೆಯನ್ನು ತಿಳಿದ ಎಂಜಿನಿಯರ್‌ಗೆ ತೋರಿಸುವುದು ನಿಜವಾದ ರಕ್ಷಣೆ, ಒಮ್ಮೆ ಮಾಡಿದರೆ ಮುಗಿಯಿತು. ಪ್ರತಿ ರಾತ್ರಿ ಮತ್ತೆ ಮತ್ತೆ ಮಾಡಿದರೂ ಸಮಾಧಾನ ಕೊಡದ ಕೆಲಸ ಅಂಜಿಕೆಯದು.

ಈ ವಾರ ಹಗಲಿನಲ್ಲಿ ಆ ತಾಟುಗಳ ಸ್ಟ್ಯಾಂಡಿನ ಮುಂದೆ ನಿಂತು ಅದನ್ನು ನಿಮ್ಮ ಕೈಯಿಂದಲೇ ಅಲುಗಾಡಿಸಿ. ಎದೆ ಬಡಿಯಲಿ, ಓಡಬೇಡಿ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಅಲ್ಲೇ ಇರಿ, ಬಡಿತ ತಾನಾಗಿ ಇಳಿಯುವುದನ್ನು ಕಾಣುವಿರಿ. ದಿನವೂ ಹಾಗೆ ಮಾಡಿ. ಅದು ಬೇಸರ ಹುಟ್ಟಿಸುವಷ್ಟು ಸಾಮಾನ್ಯವಾದ ಮೇಲೆ ಚಪ್ಪಲಿಯನ್ನು ಹೊಸ್ತಿಲಿಗೆ ಸರಿಸಿ, ಆಮೇಲೆ ಚಿಲಕ ಹಾಕಿ, ಕೊನೆಗೆ ಹಾಸಿಗೆಯನ್ನು ಒಳಕೋಣೆಗೆ ಒಯ್ಯಿರಿ. ಹಳೆಯ ನೆನಪು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಕಲಿಕೆ ಕೂರುತ್ತದೆ. ಆದ್ದರಿಂದ ಎಲ್ಲಿಯಾದರೂ ಭೂಮಿ ನಡುಗಿದ ಸುದ್ದಿ ಕೇಳಿದ ದಿನ ಅಂಜಿಕೆ ಮರಳಿದರೆ ಸೋತೆನೆಂದುಕೊಳ್ಳದೆ, ತಾಟುಗಳ ಬಳಿಗೆ ಹಿಂದಿರುಗಿ.

ಬೀದರಿನ ಮಹಿಳೆಯೊಬ್ಬರ ಪ್ರಶ್ನೆ:
ನಮ್ಮಲ್ಲಿ ಅಂಜಿಕೊಂಡವರಿಗೆ ತಾಯತ ಕಟ್ಟಿಸುತ್ತಾರೆ. ಅದನ್ನು ತೆಗೆಯಬೇಕೇ?

ಉತ್ತರ:
ನಂಬಿಕೆಯಿಂದ ಕಟ್ಟಿಕೊಂಡದ್ದನ್ನು ತೆಗೆಯಲು ನಾನು ಯಾರಿಗೂ ಹೇಳಿಲ್ಲ. ತಾಯತ ಕಟ್ಟಿದ ತಾಯಿಯ ಕೈಯಲ್ಲಿ ಪ್ರೀತಿಯಿದೆ, ಅದು ದೊಡ್ಡ ಬಲ. ಆದರೆ ಅದು ಕೈಯಲ್ಲಿಲ್ಲದ ದಿನ ಹೊಸ್ತಿಲು ದಾಟಲಾಗದಿದ್ದರೆ ಅದೂ ದಿಂಬಿನ ಪಕ್ಕದ ಚಪ್ಪಲಿಯಾಗಿದೆ ಎಂದು ತಿಳಿಯಿರಿ.

ಮೊದಲ ಪ್ರಶ್ನೆ ಕೇಳಿದವರು:
ಓಡದೆ ನಿಂತಾಗ ಅಂಜಿಕೆ ಹೆಚ್ಚುತ್ತಲೇ ಹೋದರೆ? ಮಗಳಿಗೆ ಏನು ಹೇಳಲಿ?

ಉತ್ತರ:
ಹೆಚ್ಚುತ್ತಲೇ ಹೋಗಲು ದೇಹಕ್ಕೆ ಸಾಧ್ಯವಿಲ್ಲ. ಇಂಥ ದಿಗಿಲು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಮೊದಲ ದಿನಗಳಲ್ಲಿ ಹೆಂಡತಿ ಪಕ್ಕದಲ್ಲಿರಲಿ. ಅಂದಿನ ದೃಶ್ಯ ಕಣ್ಣಮುಂದೆ ಮರುಕಳಿಸುವುದು, ಕೆಟ್ಟ ಕನಸು, ನಿದ್ದೆಗಾಗಿ ಕುಡಿತ, ಬದುಕೇ ಬೇಡವೆನಿಸುವುದು, ಇವುಗಳಲ್ಲಿ ಒಂದಿದ್ದರೂ ಒಬ್ಬರೇ ಅಭ್ಯಾಸ ಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಮಗಳಿಗೆ ದೊಡ್ಡ ವಿವರಣೆ ಬೇಡ, ಹೆದರುವುದಿಲ್ಲವೆಂಬ ಸುಳ್ಳೂ ಬೇಡ. “ಅಪ್ಪನಿಗೆ ಈ ಸದ್ದೆಂದರೆ ಅಂಜಿಕೆ, ಈಗ ಅದನ್ನು ಬಿಡಲು ಕಲಿಯುತ್ತಿದ್ದೇನೆ” ಎಂದು ಹೇಳಿ. ನಿಮ್ಮ ಚಪ್ಪಲಿಗಳನ್ನು ಹೊಸ್ತಿಲಿನಾಚೆ ಇಡಲು ಹೋಗುವ ರಾತ್ರಿ ಅವಳನ್ನೂ ಕರೆದುಕೊಂಡು ಹೋಗಿ, ಅವಳವನ್ನು ಅವಳೇ ಇಡಲಿ.