ಗದರದೆ, ನಗಿಸುತ್ತಲೇ ಇಬ್ಬರು ಮಕ್ಕಳನ್ನು ಹೊರಡಿಸುವುದು ಹೇಗೆ? ಅಪ್ಪಂದಿರಿಗೆ ತಿಳಿದವರ ಮಾತು

ಕೇಳಿದವರು: ಬೆಂಗಳೂರಿನ ಒಬ್ಬ ಅಪ್ಪ

ಮುಂದಿನ ಸೋಮವಾರದಿಂದ ಹದಿನೈದು ದಿನ ಮನೆಯವರಿಗೆ ಬೇರೆ ಊರಲ್ಲಿ ತರಬೇತಿ. ಮನೆಯಲ್ಲಿ ನಾನು, ಯುಕೆಜಿಗೆ ಹೋಗುವ 5 ವರ್ಷದ ಮಗಳು, ಎರಡೂವರೆ ವರ್ಷದ ಮಗ. ಬೆಳಿಗ್ಗೆ 6:30ರಿಂದ 8:30ರೊಳಗೆ ಹಲ್ಲುಜ್ಜಿಸಿ, ಸ್ನಾನ, ತಿಂಡಿ ಮುಗಿಸಿ, ಮಗಳಿಗೆ ಎರಡು ಜಡೆ ಹಾಕಿ ಹೊರಡಿಸಬೇಕು. ಗದರಿದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ, ನಗಿಸಿದರೆ ಕೆಲಸ ಸಾಗುತ್ತೆ. ಯಾವ ಹೊತ್ತಿಗೆ ಎಂಥ ತಮಾಷೆ, ಎಲ್ಲಿ ಎಚ್ಚರ ಬೇಕು, ಬಿಡಿಸಿ ಹೇಳಿ. ಇನ್ನೊಂದು ಆಸೆ: ಇಬ್ಬರೂ ಆಡುವ ಮಾತುಗಳನ್ನು ಬರೆದಿಡಬೇಕು. ಅದನ್ನು ಹೇಗೆ ಮಾಡುವುದು?

ಶಿಶುವಿಹಾರದ ಟೀಚರ್, ಹಾಸನ

ಸರ್, ಎರಡೂವರೆಯವನಿಗೆ ನಗು ಬರುವ ಜಾಗವೇ ಬೇರೆ, ಐದರವಳಿಗೆ ಬರುವ ಜಾಗವೇ ಬೇರೆ. ಚಿಕ್ಕವನಿಗೆ ವಸ್ತು ತಪ್ಪು ಜಾಗದಲ್ಲಿ ಕಂಡರೆ ಸಾಕು. ಅವನ ಚಡ್ಡಿಯನ್ನು ನಿಮ್ಮ ತಲೆ ಮೇಲಿಟ್ಟುಕೊಂಡು "ಟೋಪಿ ಸರಿಯಾಯ್ತಾ?" ಅನ್ನಿ. "ಅಲ್ಲಾ, ಅದು ಚಡ್ಡಿ!" ಅಂತ ಕಿತ್ತುಕೊಂಡು ತಾನೇ ಕಾಲು ತೂರಿಸುತ್ತಾನೆ. ಅಪ್ಪನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನುವ ಹೆಮ್ಮೆ ಅವನನ್ನು ಎಬ್ಬಿಸಿ ನಿಲ್ಲಿಸುತ್ತೆ. ಹಾಗಾಗಿ ತಪ್ಪು ಕಣ್ಣಿಗೆ ಹೊಡೆಯುವಂತಿರಬೇಕು. ಎಡ ಬಲ ಚಪ್ಪಲಿ ಅದಲುಬದಲು ಮಾಡಿದರೆ ಈ ವಯಸ್ಸಿನವರಿಗೆ ಗೊತ್ತೇ ಆಗಲ್ಲ. ಹದಿನೈದು ದಿನವೂ ಅದೇ ಟೋಪಿ ಸಾಕು, ಹೊಸದನ್ನು ಹುಡುಕಬೇಡಿ. ಮುಂದೇನು ಬರುತ್ತೆ ಅಂತ ಗೊತ್ತಿರುವುದರಲ್ಲೇ ಅವನ ಖುಷಿ.

ಮಗಳಿಗೆ ಮಾತಿನ ತಮಾಷೆ ಬೇಕು. ಅವಳಿಗೆ ಬಾಯಿಪಾಠವಾಗಿರುವ ಕತೆಯನ್ನೇ ತಪ್ಪಾಗಿ ಹೇಳಿ. ಕಾಗಕ್ಕನ ಮನೆ ಐಸ್‌ಕ್ರೀಮಿನದು, ಗುಬ್ಬಕ್ಕನ ಮನೆ ಹಪ್ಪಳದ್ದು ಅನ್ನಿ. "ಅಯ್ಯೋ ಅಲ್ಲಪ್ಪಾ!" ಅಂತ ತಿದ್ದುತ್ತಾ ತಿದ್ದುತ್ತಾ ಶೂ ಹಾಕಿಕೊಂಡಿರುತ್ತಾಳೆ. ಈ ವಯಸ್ಸಿಗೆ ಕಕ್ಕ, ಹೂಸು ಅನ್ನುವ ಜೋಕುಗಳೂ ಬರುತ್ತವೆ. ಬೈದರೂ ಬೆಳೆಯುತ್ತೆ, ಜೋರಾಗಿ ನಕ್ಕರೂ ಬೆಳೆಯುತ್ತೆ. "ಅದು ಬಚ್ಚಲುಮನೆ ಮಾತು, ಅಲ್ಲೇ ಆಡೋಣ" ಅಂತ ಜಾಗ ಗೊತ್ತು ಮಾಡಿ ಬಿಡಿ.

ಹಲ್ಲುಜ್ಜುವಾಗ ಮಗನಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಮಗಳಿಗೆ ಬಟಾಣಿ ಕಾಳಿನಷ್ಟು. ಮೂರರೊಳಗಿನವರಿಗೆ ಉಗುಳಲು ಸರಿಯಾಗಿ ಬರಲ್ಲ, ನುಂಗುತ್ತಾರೆ, ಅದಕ್ಕೆ ಈ ಲೆಕ್ಕ. ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಮೇಲಿನಿಂದ ನೋಡಿದರೆ ಬಾಯಿ ಪೂರ್ತಿ ಕಾಣುತ್ತೆ. "ಈ" ಅಂತ ರಾಕ್ಷಸನ ನಗು ನಗಿಸಿದರೆ ಮುಂದಿನ ಹಲ್ಲು ಸಿಗುತ್ತೆ, "ಆ" ಅನ್ನಿಸಿದರೆ ದವಡೆ ಹಲ್ಲು. ದವಡೆಯಲ್ಲಿ ಆನೆ ಇದೆ, ಪಕ್ಕದಲ್ಲಿ ಕೋತಿ ಇದೆ ಅಂತ ಒಂದೊಂದನ್ನೇ ಓಡಿಸುತ್ತಾ ಹೋದರೆ ಎರಡು ನಿಮಿಷ ಆಗಿರುತ್ತೆ. ಮಗಳು ತಾನೇ ಉಜ್ಜಿಕೊಳ್ಳಲಿ, ಕೊನೆಯಲ್ಲಿ ನೀವೊಂದು ಸುತ್ತು ಉಜ್ಜಿ. ಏಳೆಂಟು ವರ್ಷದವರೆಗೂ ಅವರ ಕೈಗೆ ಆ ಹದ ಬರಲ್ಲ. ಬ್ರಷ್ ಬಾಯಲ್ಲಿದ್ದಾಗ ಓಡಾಟ ಬೇಡವೇ ಬೇಡ. ಬಿದ್ದರೆ ಅಂಗುಳಕ್ಕೆ ಚುಚ್ಚುತ್ತೆ.

ಮಕ್ಕಳ ವಾರ್ಡಿನ ನರ್ಸ್, ಉಡುಪಿ

ಟೀಚರ್ ಹೇಳಿದ್ದೆಲ್ಲ ಸರಿ. ತಿಂಡಿಯ ಹೊತ್ತಿಗೆ ಮಾತ್ರ ನಿಯಮ ಬದಲಾಗುತ್ತೆ: ಬಾಯಲ್ಲಿ ತುತ್ತು ಇರುವಾಗ ನಗಿಸಬಾರದು. ನಕ್ಕು ಮುಗಿಯುವ ಹೊತ್ತಿಗೆ ಮಗು ಜೋರಾಗಿ ಉಸಿರು ಎಳೆದುಕೊಳ್ಳುತ್ತೆ. ಬಾಯಲ್ಲಿದ್ದದ್ದು ಆಗ ಶ್ವಾಸನಾಳಕ್ಕೆ ಹೋಗುತ್ತೆ. ವಿಮಾನ ಬಂತು, ರೈಲು ಬಂತು ಅನ್ನುವ ಆಟವೆಲ್ಲ ಬಾಯಿ ತೆರೆಯುವವರೆಗೆ ಮಾತ್ರ. ತುತ್ತು ಒಳಗೆ ಹೋದ ಮೇಲೆ ನೀವು ಸುಮ್ಮನಿರಿ. ಅಗಿದು ನುಂಗಿ "ಆ" ಅಂತ ಬಾಯಿ ತೋರಿಸಿದ ಮೇಲೆ ಮುಂದಿನ ವಿಮಾನ. ಕೂರಿಸಿಯೇ ತಿನ್ನಿಸಿ. ಅವನು ಓಡುತ್ತಾ, ನೀವು ತಟ್ಟೆ ಹಿಡಿದು ಹಿಂದೆ ಓಡುತ್ತಾ ತಿನ್ನಿಸುವುದು ಬೇಡ.

ಚಿತ್ರಾನ್ನ, ಅವಲಕ್ಕಿ, ಚುರುಮುರಿಯಲ್ಲಿರುವ ಇಡೀ ಕಡಲೆಬೀಜ ಚಿಕ್ಕವನಿಗೆ ಸಲ್ಲದು, ಆರಿಸಿ ತೆಗೆಯಿರಿ ಇಲ್ಲವೇ ಪುಡಿ ಮಾಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಕತ್ತರಿಸಿದರೆ ದುಂಡಗೇ ಉಳಿದು ಗಂಟಲಿಗೆ ಬಿರಡೆಯಂತೆ ಕೂರುತ್ತೆ. ಹಸಿ ಕ್ಯಾರೆಟ್ಟನ್ನು ತುರಿದು ಕೊಡಿ.

ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದೂ ತಿಳಿದಿರಲಿ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತೆ. ಕೆಮ್ಮೂ ಇಲ್ಲ, ದನಿಯೂ ಇಲ್ಲ ಅಂದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗುದ್ದಿ. ಬರದಿದ್ದರೆ ಹಿಂದೆ ಮಂಡಿಯೂರಿ, ಹೊಕ್ಕುಳಿನ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಹೊರಗೆ ಬರುವವರೆಗೆ ಎರಡನ್ನೂ ಸರದಿಯಂತೆ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಹೊಟ್ಟೆ ಒತ್ತುವುದು ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ.

ಡಬ್ಬಿಗೆ ಮೊಸರನ್ನ ಕಟ್ಟುವುದಾದರೆ ಮೊಸರು ಹೆಚ್ಚು ಹಾಕಬೇಡಿ, ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದು ವಾಪಸ್ ಬರುತ್ತೆ. ಒಂದು ಲೋಟ ಮೆತ್ತಗಿನ ಅನ್ನವನ್ನು ಬಿಸಿಯಲ್ಲೇ ಹಿಸುಕಿ, ಮುಕ್ಕಾಲು ಲೋಟ ಕಾಯಿಸಿದ ಹಾಲು ಹಾಕಿ, ಆರಿದ ಮೇಲೆ ಎರಡು ಚಮಚ ಮೊಸರು, ಉಪ್ಪು. ಬಿಸಿ ಇರುವಾಗಲೇ ಮೊಸರು ಹಾಕಿದರೆ ಒಡೆಯುತ್ತೆ. ಬೆಳಿಗ್ಗೆ ನೀರಾಗಿ ಕಾಣಬೇಕು, ಊಟದ ಹೊತ್ತಿಗೆ ತಾನೇ ಗಟ್ಟಿಯಾಗುತ್ತೆ.

ಬ್ಯೂಟಿ ಪಾರ್ಲರಿನವರು, ಶಿವಮೊಗ್ಗ

ಜಡೆಯ ಪಾಲು ನನ್ನದಿರಲಿ. ಅಣ್ಣ, ಇಲ್ಲೂ ನಗಿಸುವ ಹೊತ್ತು ಬೇರೆ, ಸುಮ್ಮನಿರಿಸುವ ಹೊತ್ತು ಬೇರೆ. ಸಿಕ್ಕು ಬಿಡಿಸುವಾಗ ಎಷ್ಟು ಬೇಕಾದರೂ ನಗಲಿ. ಬೈತಲೆ ತೆಗೆಯುವ ಅರ್ಧ ನಿಮಿಷ ಮಾತ್ರ ಕಲ್ಲಿನ ಬೊಂಬೆ. "ಯಾರು ಮೊದಲು ಅಲ್ಲಾಡುತ್ತಾರೋ ಅವರು ಸೋತರು" ಅಂದರೆ ಸಾಕು, ಐದರ ಮಕ್ಕಳು ಗೆಲ್ಲಲಿಕ್ಕೆ ಉಸಿರೂ ಬಿಡಲ್ಲ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನೀವು ನೇರ ಹಿಂದೆ ನಿಲ್ಲಿ. ಪಕ್ಕಕ್ಕೆ ನಿಂತು ಹೆಣೆದರೆ ಜಡೆ ಒಂದು ಕಡೆ ವಾಲುತ್ತೆ. ಅಂಗೈಗೆ ಅರ್ಧ ಚಮಚ ಕೊಬ್ಬರಿ ಎಣ್ಣೆ, ನಾಲ್ಕು ಹನಿ ನೀರು. ಸಿಕ್ಕನ್ನು ಬುಡದಿಂದ ಎಳೆಯಬೇಡಿ. ಸಿಕ್ಕಿನ ಮೇಲ್ಭಾಗದಲ್ಲಿ ಕೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ತುದಿಯ ಎರಡು ಇಂಚು ಬಾಚಿ, ಆಮೇಲೆ ಅದರ ಮೇಲಿನ ಎರಡು ಇಂಚು. ಎಳೆತವೆಲ್ಲ ಮುಷ್ಟಿಗೆ ಬೀಳುತ್ತೆ, ನೆತ್ತಿಗೆ ನೋವಾಗಲ್ಲ. ಬೈತಲೆಯನ್ನು ಮೂಗಿನ ನೇರಕ್ಕೆ ಶುರು ಮಾಡಿ ಕತ್ತಿನ ಕುಳಿಯವರೆಗೆ ಒಂದೇ ಗೆರೆಯಲ್ಲಿ ಎಳೆಯಿರಿ. ಒಂದು ಪಾಲನ್ನು ಕ್ಲಿಪ್ಪಿಗೆ ಸಿಕ್ಕಿಸಿ ದೂರವಿಡಿ.

ಉಳಿದ ಪಾಲನ್ನು ಕಿವಿಯ ಹಿಂದೆ ಮೂರು ಸಮ ಎಳೆ ಮಾಡಿ. ಬಲದ್ದು ನಡುವಿನ ಮೇಲೆ, ಎಡದ್ದು ನಡುವಿನ ಮೇಲೆ, ಅಷ್ಟೇ ವಿದ್ಯೆ. ಮೊದಲ ಮೂರು ಹೆಣಿಗೆ ಮಾತ್ರ ಕೈ ತಲೆಗೆ ಅಂಟಿಕೊಂಡೇ ಇರಲಿ. ಕೈ ದೂರ ಬಂದರೆ ಬುಡ ಸಡಿಲವಾಗಿ, ಶಾಲೆಯಿಂದ ಬರುವಾಗ ಜಡೆ ಜೋತಾಡುತ್ತಿರುತ್ತೆ. ಬಿಗಿಯೂ ಅತಿಯಾಗಬಾರದು. ಕಣತಲೆಯ ಚರ್ಮ ಹಿಂದಕ್ಕೆ ಎಳೆದಂತೆ ಕಂಡರೆ ಬಿಚ್ಚಿ ಮತ್ತೆ ಹಾಕಿ. ದಿನಾ ಹಾಗೆ ಎಳೆದರೆ ಹಣೆಯಂಚಿನ ಕೂದಲು ಉದುರುತ್ತೆ. ಮುಕ್ಕಾಲು ಜಡೆ ಆದ ಮೇಲೆ ರಿಬ್ಬನ್ನಿನ ನಡುಭಾಗವನ್ನು ನಡುವಿನ ಎಳೆಯ ಹಿಂದಿಟ್ಟು, ಎರಡು ತುದಿಗಳನ್ನು ಎರಡು ಪಕ್ಕದ ಎಳೆಗಳ ಜೊತೆ ಸೇರಿಸಿ ಹೆಣೆದು, ಕೊನೆಗೆ ಜಡೆ ಮಡಚಿ ಬುಡಕ್ಕೆ ಕಟ್ಟಿ. ಸುಮ್ಮನೆ ಹೊರಗಿನಿಂದ ಕಟ್ಟಿದ ರಿಬ್ಬನ್ ಆಟದ ಹೊತ್ತಿಗೆ ಜಾರುತ್ತೆ. ಭಾನುವಾರವೇ ಒಂದು ಸಲ ಹಾಕಿ ನೋಡಿ. ಸೋಮವಾರ ಬೆಳಿಗ್ಗೆ ಕಲಿಯಲಿಕ್ಕೆ ಹೋಗಬೇಡಿ.

ಧಾರವಾಡದಿಂದ

ಜಳಕದ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಬಕೆಟ್ಟಿಗೆ ಮೊದಲು ತಣ್ಣೀರು ಹಾಕ್ರಿ, ಆಮ್ಯಾಲೆ ಬಿಸಿನೀರು. ಯಾಕಂದ್ರ ಹುಡುಗ್ರು ನಡುವ ಕೈ ಹಾಕಿಬಿಡ್ತಾರ. ಮೊಣಕೈ ಅದ್ದಿ ನೋಡ್ರಿ, ನಮ್ಮ ಅಂಗೈಗೆ ಬಿಸಿ ಗೊತ್ತಾಗೂದು ಕಡಿಮಿ. ತಲಿಗೆ ನೀರು ಹಾಕೂ ಮುಂದ "ಮಾಳಗಿ ಮ್ಯಾಲೆ ಹಲ್ಲಿ ಎಲ್ಲದ ನೋಡು" ಅನ್ರಿ. ಕತ್ತು ಮ್ಯಾಲೆತ್ತತಾರ, ನೀರು ಹಿಂದಕ್ಕ ಹರಿತದ, ಕಣ್ಣಿಗೆ ಸೋಪು ಹೋಗೂದಿಲ್ಲ. ಐತವಾರ ಎಣ್ಣಿ ಹಚ್ಚಿದ್ರ ಅರ್ಧ ತಾಸು ಸಾಕು, ಅಂಗಾಲಿಗೆ ಹಚ್ಚಬ್ಯಾಡ್ರಿ, ಬಚ್ಚಲದಾಗ ಜಾರತಾರ. ಎಣ್ಣಿ ಮೈಯಾಗ ಎತ್ತಿ ಆಡಿಸೂದೂ ಬ್ಯಾಡ. ಫೋನ್ ಬಂತಂತ ಸಣ್ಣಾವನ್ನ ಬಕೆಟ್ ಹತ್ರ ಒಬ್ಬನ್ನ ಬಿಟ್ಟು ಒಂದು ನಿಮಿಷನೂ ಹೊರಗ ಹೋಗಬ್ಯಾಡ್ರಿ. ಗೇಣು ನೀರು ಸಾಕು ಅಪಾಯಕ್ಕ.

ಮಕ್ಕಳ ಫಿಸಿಯೋಥೆರಪಿಸ್ಟ್, ಮಂಗಳೂರು

ಅಪ್ಪಂದಿರ ಆಟ ಅಂದರೆ ಎತ್ತುವುದು, ತೂಗುವುದು, ಹಾರಿಸುವುದು. ಆಡಿ, ಆದರೆ ಹಿಡಿಯುವ ಜಾಗ ನೋಡಿಕೊಳ್ಳಿ. ಮಣಿಕಟ್ಟು ಹಿಡಿದು ತೂಗಿದರೆ, ಒಂದೇ ಕೈ ಹಿಡಿದು ಜಗ್ಗಿದರೆ ಮೊಣಕೈಯ ಮೂಳೆಯ ತುದಿ ಅದನ್ನು ಸುತ್ತಿರುವ ಪಟ್ಟಿಯಿಂದ ಜಾರುತ್ತೆ. ಒಂದರಿಂದ ನಾಲ್ಕು ವರ್ಷದವರಲ್ಲಿ ಇದು ಹೆಚ್ಚು, ನಿಮ್ಮ ಮಗ ಆ ವಯಸ್ಸಿನಲ್ಲೇ ಇದ್ದಾನೆ. ಊತ ಇರಲ್ಲ, ಆದರೆ ಆ ಕೈಯನ್ನು ತುಸು ಮಡಚಿ ಮೈಗೆ ಒತ್ತಿಕೊಂಡಿರುತ್ತಾನೆ, ಚಾಕೊಲೇಟ್ ಕೊಟ್ಟರೂ ಇನ್ನೊಂದು ಕೈ ಚಾಚುತ್ತಾನೆ. ಎಣ್ಣೆ ಹಚ್ಚಿ ನೀವಬೇಡಿ, ವೈದ್ಯರ ಹತ್ತಿರ ಹೋಗಿ. ಸಾಮಾನ್ಯವಾಗಿ ಕ್ಷಣದಲ್ಲಿ ಕೂರಿಸುತ್ತಾರೆ. ಎತ್ತುವಾಗ ಯಾವಾಗಲೂ ಎರಡು ಕಂಕುಳಲ್ಲಿ ಕೈಯಿಟ್ಟೇ ಎತ್ತಿ.

ಮೇಲಕ್ಕೆ ಹಾರಿಸುವವರು ಮೊದಲು ಫ್ಯಾನು ನೋಡಿ. ಹತ್ತು ಅಡಿಯ ಚಾವಣಿಯಲ್ಲಿ ರೆಕ್ಕೆ ಒಂಬತ್ತು ಅಡಿಯ ಆಸುಪಾಸಿನಲ್ಲಿ ತಿರುಗುತ್ತೆ. ನೀವು ಕೈ ಚಾಚಿ ಎತ್ತಿದ ಮಗು ಖುಷಿಯಲ್ಲಿ ಕೈ ಮೇಲೆತ್ತಿದರೆ ಅಷ್ಟು ಎತ್ತರ ಮುಟ್ಟುತ್ತೆ. ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲು ದಾಟುವಾಗಲೂ ಅಷ್ಟೇ ಎಚ್ಚರ. ಅದಕ್ಕಿಂತ ಕೂಸುಮರಿ ಒಳ್ಳೆಯದು: ನೀವು ಮಂಡಿಯೂರಿ ಕೂತು ಬೆನ್ನಿಗೆ ಹತ್ತಿಸಿಕೊಂಡು, ತೊಡೆಗಳನ್ನು ತಬ್ಬಿ ಹಿಡಿದು "ಕೂಸುಮರಿ ಬೇಕಾ?" ಅಂತ ಮನೆಯೆಲ್ಲ ಮಾರುತ್ತಾ ಹೋಗಿ. ಅಕ್ಕನೇ ಬೆಲೆ ಕಟ್ಟಲಿ.

ಕಚಗುಳಿಗೆ ಒಂದು ಮಾತು. ಮಗು "ಸಾಕು" ಅಂದ ತಕ್ಷಣ ಕೈ ಮೇಲೆತ್ತಿ, ನಗುತ್ತಲೇ ಅಂದರೂ ಸರಿ. ಕಚಗುಳಿಗೆ ಬೇಡವೆನ್ನಿಸಿದರೂ ನಗು ಬರುತ್ತೆ, ಹಾಗಾಗಿ ನಗುವನ್ನು ನಂಬಬೇಡಿ, ಮಾತನ್ನು ನಂಬಿ. "ಇನ್ನೊಂದ್ಸಲ" ಅಂತ ಅವನೇ ಕೇಳಿದರೆ ಮತ್ತೆ ಶುರು. ಇವೆಲ್ಲ ಸಂಜೆಗೆ ಇರಲಿ, ಮಲಗುವ ಒಂದು ಗಂಟೆ ಮೊದಲು ನಿಲ್ಲಿಸಿ. ಐದರ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 6:30ಕ್ಕೆ ಏಳಬೇಕಾದರೆ ರಾತ್ರಿ 8:30ಕ್ಕೆ ದೀಪ ಆರಿಸಿ.

ವಾಕ್ ಚಿಕಿತ್ಸಕಿ, ಮೈಸೂರು

ಮಾತು ಬರೆದಿಡುವ ಆಸೆ ನನಗೆ ತುಂಬ ಹಿಡಿಸಿತು. ಫ್ರಿಜ್ಜಿನ ಪಕ್ಕ ಒಂದು ನೋಟ್‌ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ನು. ತಾರೀಖು, ಮಗುವಿನ ವಯಸ್ಸು ವರ್ಷ ತಿಂಗಳ ಲೆಕ್ಕದಲ್ಲಿ, ಆಗ ಏನು ನಡೆಯುತ್ತಿತ್ತು ಅಂತ ಒಂದು ಸಾಲು, ಆಮೇಲೆ ಮಾತು ಆಡಿದ ಹಾಗೇ. ತಿದ್ದಬೇಡಿ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯಲು ನಮ್ಮ ಲಿಪಿ ಹೇಳಿ ಮಾಡಿಸಿದ್ದು. ಕತೆ "ತತೆ" ಆಗಿದ್ದರೆ ತತೆ, ರೈಲು "ಲೈಲು" ಆಗಿದ್ದರೆ ಲೈಲು. ಮರಕ್ಕೆ "ಮಲ" ಅಂದಾಗ ನಗು ತಡೆಯುವುದು ಕಷ್ಟವೇ. ರಕಾರ ನಾಲಿಗೆಗೆ ತಡವಾಗಿ ಒಲಿಯುವ ಅಕ್ಷರ. ಅಂದಿನ ರಾತ್ರಿಯೇ ಬರೆಯಿರಿ. ಮರುದಿನಕ್ಕೆ ವಿಷಯ ಉಳಿದರೂ ಮಾತಿನ ರೂಪ ಮರೆತಿರುತ್ತೆ.

ಹೆಚ್ಚು ಸಿಗುವುದು ಕ್ರಿಯಾಪದದಲ್ಲಿ. "ನಾನು ಬೀಳಿದೆ", "ಅಕ್ಕ ಕೊಡಿದಳು", "ತಿನ್ನಿದೆ". ಮಾಡಿದೆ, ಓಡಿದೆ ಕೇಳಿ ಕೇಳಿ ಮಗು ತಾನೇ ಒಂದು ವ್ಯಾಕರಣ ಸೂತ್ರ ಕಂಡುಹಿಡಿದಿದೆ! ಇದು ತಪ್ಪಾದರೂ ಬುದ್ಧಿ ಬೆಳೆಯುತ್ತಿರುವ ಗುರುತು. "ಹಾಗಲ್ಲ, ಬಿದ್ದೆ ಅನ್ನು" ಅಂತ ಒಪ್ಪಿಸಬೇಡಿ. "ಹೌದಾ, ಬಿದ್ದೆಯಾ? ಎಲ್ಲಿ ಬಿದ್ದೆ?" ಅಂದರೆ ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. "ನಿನ್ನೆ" ಅಂದರೆ ಆಗಿಹೋದದ್ದೆಲ್ಲ, "ನಾಳೆ" ಅಂದರೆ ಬರಲಿರುವುದೆಲ್ಲ, ಇದೂ ಬರೆದಿಡುವಂಥದ್ದೇ.

ನೆಂಟರು ಬಂದಾಗ "ಪುಟ್ಟಾ, ಲೈಲು ಅನ್ನು" ಅಂತ ಹೇಳಿಸಬೇಡಿ. ಮಾತಾಡಿದರೆ ಜನ ನಗುತ್ತಾರೆ ಅಂತ ತಿಳಿದ ಮಗು ಬಾಯಿ ಕಟ್ಟಿಕೊಳ್ಳುತ್ತೆ. ಎದುರಿಗೆ ಮೊಬೈಲ್ ಹಿಡಿದರೂ ಅಷ್ಟೇ, ಸಹಜ ಮಾತು ನಿಂತು ನಾಟಕ ಶುರುವಾಗುತ್ತೆ. ಎರಡರಿಂದ ಐದು ವರ್ಷದೊಳಗೆ "ನಾ ನಾ ನಾನು" ಅಂತ ತಡವರಿಸುವುದು ಬಹಳ ಮಕ್ಕಳಲ್ಲಿ ಇರುತ್ತೆ. ಅಣಕಿಸಬೇಡಿ, "ನಿಧಾನ ಹೇಳು" ಅಂತಲೂ ತಡೆಯಬೇಡಿ, ಮುಗಿಯುವವರೆಗೆ ಮುಖ ನೋಡಿ ಕೇಳಿ. ಆರು ತಿಂಗಳು ದಾಟಿದರೆ, ಅಥವಾ ಮಾತಾಡುವಾಗ ಮುಖ ಬಿಗಿದು ಒದ್ದಾಡಿದರೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ.

ಕೇಳಿದ ಅಪ್ಪ

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಎತ್ತರ ಅಳೆದೆ, ಎಂಟು ಅಡಿ ಎಂಟು ಇಂಚು. ಇನ್ನೊಂದೇ ಪ್ರಶ್ನೆ. ರಾತ್ರಿ "ಅಮ್ಮ ಯಾವಾಗ ಬರ್ತಾಳೆ" ಅಂದರೆ? ನಾಳೆ ಅಂದರೆ ಬರಲಿರುವುದೆಲ್ಲ ಅನ್ನುವವರಿಗೆ ಹದಿನೈದು ದಿನ ಹೇಗೆ ತಿಳಿಸುವುದು?

ಒಬ್ಬ ಅಜ್ಜಿ, ತುಮಕೂರು

ಒಂದು ಬಟ್ಟಲಲ್ಲಿ ಹದಿನೈದು ಹುಣಸೆಬೀಜ ಹಾಕಪ್ಪ. ದಿನಾ ಮಲಗೋ ಮುಂಚೆ ಒಂದೊಂದು ತೆಗೆಸು. ಬಟ್ಟಲು ಖಾಲಿ ಆದ ದಿನ ಅಮ್ಮ ಬರ್ತಾಳೆ ಅನ್ನು. ಕಣ್ಣಿಗೆ ಕಂಡರೆ ಮಕ್ಕಳಿಗೆ ಸಮಾಧಾನ.

ಮಕ್ಕಳ ವಾರ್ಡಿನ ನರ್ಸ್, ಉಡುಪಿ

ಅಮ್ಮಾ, ಉಪಾಯ ಬಹಳ ಚೆನ್ನಾಗಿದೆ, ಬೀಜ ಮಾತ್ರ ಬೇಡ. ಎರಡೂವರೆಯವರು ಅದನ್ನು ಮೂಗಿಗೆ ತೂರಿಸಿಕೊಳ್ಳುತ್ತಾರೆ. ಬೀಜಕ್ಕೆ ನೀರು ತಾಗಿದರೆ ಉಬ್ಬಿ ತೆಗೆಯುವುದೇ ಕಷ್ಟ. ಬಣ್ಣದ ಕಾಗದವನ್ನು ಒಂದಿಂಚು ಅಗಲ, ಆರಿಂಚು ಉದ್ದಕ್ಕೆ ಹದಿನೈದು ಪಟ್ಟಿ ಕತ್ತರಿಸಿ, ಒಂದರೊಳಗೊಂದು ಬಳೆ ಮಾಡಿ ಅಂಟಿಸಿ ಸರ ಮಾಡಿ. ಅಮ್ಮ ಹೊರಡುವ ಮೊದಲೇ ಪ್ರತಿ ಪಟ್ಟಿಯ ಒಳಗೆ ಒಂದು ತಮಾಷೆ ಬರೆದಿಡಲಿ: "ಅಪ್ಪನ ಮೂಗು ಮುಟ್ಟು", "ಇವತ್ತು ಕಪ್ಪೆಯ ಹಾಗೆ ಹಾಸಿಗೆಗೆ ಹೋಗು". ಸರವನ್ನು ಚಿಕ್ಕವನ ಕೈಗೆ ಎಟುಕದ, ಅಕ್ಕನಿಗೆ ಎಟುಕುವ ಎತ್ತರದಲ್ಲಿ ತೂಗುಹಾಕಿ. ದಿನ ಬಿಟ್ಟು ದಿನ ಒಬ್ಬೊಬ್ಬರು ಹರಿಯಲಿ, ಚಿಕ್ಕವನ ಸರದಿಗೆ ಅವನನ್ನು ನೀವು ಎತ್ತಿಕೊಳ್ಳಿ, ಕಂಕುಳಲ್ಲಿ ಹಿಡಿದು. ವಿಡಿಯೊ ಕಾಲ್ ಸಂಜೆ ಊಟಕ್ಕೆ ಮುಂಚೆ ಮುಗಿದಿರಲಿ. ಮಲಗುವ ಹೊತ್ತಿಗೆ ಅಮ್ಮನ ಮುಖ ಕಂಡರೆ ಅಳು ಮತ್ತೆ ಮೊದಲಿನಿಂದ ಶುರುವಾಗುತ್ತೆ.